ಆಕೃತಿ ಮತ್ತು ಉಪಪತ್ತಿ

ತ್ರಿಭುಜದ ಮೂರು ಕೋನಗಳನ್ನು ಅಳೆದು ಕೂಡಿದರೆ 180 ಡಿಗ್ರಿ ಬರುವುದು ಕಣ್ಣಿಗೇ ಕಾಣುತ್ತಿರುವಾಗ, ಅದನ್ನು ಮತ್ತೆ ಸಾಧಿಸಿ ತೋರಿಸುವ ಶ್ರಮವೇಕೆ? ಸ್ವಾರಗೇಟಿನ ನಮ್ಮ ಶಾಖಾಮಠಕ್ಕೆ ಬರುವ ವಿದ್ಯಾರ್ಥಿಯೊಬ್ಬನ ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅನುಮಾನಕ್ಕೆ ಪ್ರತ್ಯಕ್ಷವು ಉಪಜೀವ್ಯವೆನ್ನುವ ಸಿದ್ಧಾಂತ ನಮ್ಮದು.

ಆದರೆ ಅವನು ಅಳೆದದ್ದು ಒಂದೇ ತ್ರಿಭುಜವನ್ನು. ಪೆನ್ಸಿಲಿನ ಗೆರೆಗೆ ದಪ್ಪವಿದೆ. ಇನ್ನೊಂದನ್ನು ಅಳೆದರೆ 179 ಬಂದೀತು. ಎಷ್ಟು ಅಳೆದರೂ ಅಳೆಯದೆ ಉಳಿದವು ಅನಂತ. ಮೇಲಾಗಿ ಆಕೃತಿಯು ವಂಚಿಸುವುದೂ ಉಂಟು. ಬಾಹು 8 ಮನೆಗಳಿರುವ ಚೌಕವನ್ನು ನಾಲ್ಕು ತುಂಡುಮಾಡಿ, 5 ಮತ್ತು 13ರ ಆಯತವಾಗಿ ಜೋಡಿಸುವ ವಿನೋದವನ್ನು ಅನೇಕರು ಬಲ್ಲರು. 64 ಮನೆಗಳು 65 ಆದಂತೆ ತೋರುತ್ತವೆ! 8ಕ್ಕೆ 3ರಂತೆ ಏರುವ ಗೆರೆಯೂ 5ಕ್ಕೆ 2ರಂತೆ ಏರುವ ಗೆರೆಯೂ ಒಂದೇ ನೇರದಲ್ಲಿರಲಾರವು. ಕರ್ಣದುದ್ದಕ್ಕೂ ಉಳಿದ ಸಣ್ಣ ಸೀಳು ಕಣ್ಣಿಗೆ ಬೀಳದು, ಲೆಕ್ಕಕ್ಕೆ ಸಿಗುತ್ತದೆ.

ಹಾಗೆಂದು ಆಕೃತಿಯನ್ನು ಬಿಡಬೇಕೆ? 1114ರಲ್ಲಿ ಜನಿಸಿದ ಭಾಸ್ಕರಾಚಾರ್ಯರು ತಮ್ಮ ಬೀಜಗಣಿತದಲ್ಲಿ, ಉಪಪತ್ತಿಯು ಕ್ಷೇತ್ರಗತ ಮತ್ತು ರಾಶಿಗತ ಎಂದು ಎರಡು ಬಗೆಯೆನ್ನುತ್ತಾರೆ. (ಅವರ ಗ್ರಂಥಗಳ ಅಧ್ಯಯನಕ್ಕೆಂದೇ ಮಠವೊಂದು ಏರ್ಪಟ್ಟದ್ದನ್ನು ಚಾಳೀಸಗಾಂವದ ಬಳಿಯ ಪಾಟಣದ 1207ರ ಶಾಸನವು ತಿಳಿಸುತ್ತದೆ. ಮನಮಾಡದಿಂದ ಭುಸಾವಳಕ್ಕೆ ರೈಲಿನಲ್ಲಿ ಹೋಗುವವರು ದಾಟುವ ಊರದು.) ಭುಜ 15, ಕೋಟಿ 20 ಇರುವ ನಾಲ್ಕು ಲಂಬಕೋನ ತ್ರಿಭುಜಗಳನ್ನು, ಕರ್ಣಗಳು ಹೊರಗಾಗುವಂತೆ ಸುತ್ತಲೂ ಜೋಡಿಸಿದರೆ ನಡುವೆ 5ರ ಚೌಕವು ಉಳಿಯುತ್ತದೆ. ತ್ರಿಭುಜವೊಂದಕ್ಕೆ 150ರಂತೆ 600, ನಡುವಿನದು 25, ಒಟ್ಟು 625. ಆದ್ದರಿಂದ ಕರ್ಣ 25. ಹೊರಗಿನದು ಚೌಕವೇ ಎಂಬುದಕ್ಕೇನು ಆಧಾರ? ಎರಡು ಲಘುಕೋನಗಳು ಕೂಡಿ ಲಂಬಕೋನವಾಗುತ್ತವೆ. ಆ 180 ಡಿಗ್ರಿಯ ನಿಯಮವೇ ಇಲ್ಲಿ ದುಡಿಯುತ್ತದೆ. ನಾವು ಏನನ್ನೂ ಅಳೆಯಲಿಲ್ಲ. ಬೇರೆ ಭುಜಕೋಟಿಗಳನ್ನಿಟ್ಟರೂ ಜೋಡಣೆ ಕೆಡದು; ಅವು ಸಮವಾದರೆ ನಡುವಿನ ಚೌಕವು ಇಲ್ಲವಾಗುವುದು, ಅಷ್ಟೆ. ಗೆರೆಯು ಡೊಂಕಾದರೂ ಉಪಪತ್ತಿಯು ಡೊಂಕಾಗದು.

ಆದ್ದರಿಂದ ಬರೆದ ಆಕೃತಿಯು ದೃಷ್ಟಾಂತ. ಅದರಲ್ಲಿ ಗ್ರಹಿಸಬೇಕಾದದ್ದು ವ್ಯಾಪ್ತಿ. ಹಾಗಾದರೆ ದಪ್ಪವಿಲ್ಲದ ಆ ರೇಖೆ ಇರುವುದೆಲ್ಲಿ? ಗ್ರೀಕರ ಪ್ಲೇಟೋ ಅಂಥವನ್ನು ಇಂದ್ರಿಯಗಳಿಗೆ ಎಟುಕದ ಬೇರೊಂದು ನೆಲೆಯಲ್ಲಿಟ್ಟನು. ನಮಗೆ ಅಷ್ಟು ದೂರ ಹೋಗುವ ಅಗತ್ಯವು ತೋರದು. ಶ್ರೀಮದಾಚಾರ್ಯರ ಮತದಲ್ಲಿ ಅವ್ಯಾಕೃತಾಕಾಶವು ಸತ್ಯ, ಅಂಶಗಳುಳ್ಳದ್ದು, ಕಣ್ಣಿಗಲ್ಲದೆ ಸಾಕ್ಷಿಗೇ ಗೋಚರವಾದದ್ದು. ಆ ಅವಕಾಶದ ಒಂದಂಶವು ಮುಗಿದು ಇನ್ನೊಂದು ತೊಡಗುವ ಎಲ್ಲೆಯೇ ರೇಖೆಯೆಂದರೆ, ಅದು ಕಲ್ಪಿತವೂ ಅಲ್ಲ, ಲೋಕಾಂತರದ್ದೂ ಅಲ್ಲ. ಹುಡುಗನ ಪಟ್ಟಿಯ ಪುಟವು ಇರುವಲ್ಲಿಯೇ ಇದೆ.

ಶ್ರೀಕೃಷ್ಣಾರ್ಪಣಮಸ್ತು