ಬರೆದವರ ಕೈಮೀರಿದ ಮಾತು

1776ರ ಜೂನ್. ಫಿಲಡೆಲ್ಫಿಯಾದ ಇಟ್ಟಿಗೆ ಮನೆಯೊಂದರ ಮಹಡಿಯಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು 33ರ ಥಾಮಸ್ ಜೆಫರ್ಸನ್ ಬರೆಯುತ್ತ ಕೂತಿದ್ದಾರೆ. ಎಲ್ಲ ಮನುಷ್ಯರೂ ಹುಟ್ಟಿನಿಂದ ಸಮಾನರು. ಬದುಕುವ, ಸ್ವತಂತ್ರರಾಗಿರುವ, ಸುಖವನ್ನು ಅರಸುವ ಹಕ್ಕನ್ನು ಅವರಿಂದ ಯಾರೂ ಕಸಿಯುವಂತಿಲ್ಲ. ಸರ್ಕಾರಕ್ಕೆ ಅಧಿಕಾರ ಬರುವುದು ಜನರ ಒಪ್ಪಿಗೆಯಿಂದ ಮಾತ್ರ. ಅವರು ಬರೆಯುತ್ತಿದ್ದ ಅಮೆರಿಕದ ಸ್ವಾತಂತ್ರ್ಯ ಘೋಷಣೆಯ ತಿರುಳು ಇದು. ಅವರ ಊಳಿಗಕ್ಕೆಂದು ವರ್ಜೀನಿಯಾದಿಂದ ಜೊತೆಗೆ ಬಂದಿದ್ದವನು ರಾಬರ್ಟ್ ಹೆಮಿಂಗ್ಸ್, 14ರ ಹುಡುಗ, ಜೆಫರ್ಸನ್ ಅವರ ಗುಲಾಮ.

ಅಮೆರಿಕದ ಪ್ರಜಾಪ್ರಭುತ್ವದ ಬಗ್ಗೆ ಯೋಚಿಸಲು ಹೊರಟರೆ ಈ ಹುಡುಗ ಅಡ್ಡ ನಿಲ್ಲುತ್ತಾನೆ. ಅವನನ್ನು ಕಂಡ ಮೇಲೆ ಆ ಮಾತುಗಳನ್ನೆಲ್ಲ ಬೂಟಾಟಿಕೆ ಎಂದು ತಳ್ಳಿಹಾಕುವುದು ಸುಲಭ. ಪುರಾವೆಗೂ ಕೊರತೆಯಿಲ್ಲ. ಜೆಫರ್ಸನ್ ತಮ್ಮ ಜೀವಮಾನದಲ್ಲಿ 600ಕ್ಕೂ ಹೆಚ್ಚು ಗುಲಾಮರ ಒಡೆಯರಾಗಿದ್ದರು. ಗುಲಾಮರ ವ್ಯಾಪಾರವನ್ನು ಹಳಿದು ಅವರೇ ಕರಡಿನಲ್ಲಿ ಬರೆದಿದ್ದ ಭಾಗವನ್ನು ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಹೊಡೆದುಹಾಕಿತು. ಆದರೆ ಬೂಟಾಟಿಕೆ ಎಂದು ಅಲ್ಲಿಗೇ ಮುಗಿಸಿಬಿಟ್ಟರೆ ಆಮೇಲೆ ನಡೆದದ್ದು ಅರ್ಥವಾಗುವುದಿಲ್ಲ. ಅರೆಮನಸ್ಸಿನವರು ಆಡಿದ ಮಾತು ಆಡಿದವರನ್ನೇ ಕಟಕಟೆಗೆ ಎಳೆದದ್ದು ಹೇಗೆ? ನನ್ನ ಅಚ್ಚರಿಯೆಲ್ಲ ಇಲ್ಲಿದೆ.

ಮ್ಯಾಸಚೂಸೆಟ್ಸ್‌ನ ಶೆಫೀಲ್ಡ್ ಊರಿನಲ್ಲಿ ಜಾನ್ ಆ್ಯಶ್ಲಿ ಎಂಬ ಸಿರಿವಂತನಿದ್ದ. 1773ರಲ್ಲಿ ಅವನ ಮನೆಯಲ್ಲೇ ಊರ ಪ್ರಮುಖರು ಸೇರಿ ಬ್ರಿಟಿಷರ ದಬ್ಬಾಳಿಕೆಯ ವಿರುದ್ಧ ಠರಾವು ಸಿದ್ಧಪಡಿಸಿದರು. ಮನುಷ್ಯರು ಸಹಜವಾಗಿಯೇ ಸಮಾನರು, ಸ್ವತಂತ್ರರು ಎಂದು ಅದು ಸಾರಿತು. ಅದನ್ನು ಬರೆದುಕೊಂಡವರು ಥಿಯೊಡರ್ ಸೆಜ್‌ವಿಕ್ ಎಂಬ ಯುವ ವಕೀಲರು. ಆ ಮನೆಯ ಚಾಕರಿ ಮಾಡುತ್ತಿದ್ದವಳು ಬೆಟ್ ಎಂಬ ಗುಲಾಮ ಹೆಂಗಸು. ಓದುಬರಹ ಗೊತ್ತಿಲ್ಲ, ದೊಡ್ಡವರು ಆಡುವ ಮಾತು ಮಾತ್ರ ಕಿವಿಗೆ ಬೀಳುತ್ತಿತ್ತು. ಒಮ್ಮೆ ಮನೆಯೊಡತಿ ಒಲೆಯ ಕಾದ ಸಲಿಕೆ ಎತ್ತಿಕೊಂಡು ಇನ್ನೊಬ್ಬ ಹುಡುಗಿಗೆ ಹೊಡೆಯಹೋದಾಗ ಬೆಟ್ ಅಡ್ಡ ಬಂದಳು, ಪೆಟ್ಟು ಅವಳ ತೋಳಿಗೆ ಬಿತ್ತು. ಆ ಗಾಯವನ್ನು ಅವಳು ಮುಚ್ಚಿಕೊಳ್ಳಲಿಲ್ಲ. ಕೈಗೇನಾಯಿತೆಂದು ಒಡತಿಯ ಎದುರಲ್ಲೇ ಯಾರಾದರೂ ವಿಚಾರಿಸಿದರೆ, ‘ಅಮ್ಮನವರನ್ನೇ ಕೇಳಿ’ ಎನ್ನುತ್ತಿದ್ದಳಂತೆ.

1780ರಲ್ಲಿ ಮ್ಯಾಸಚೂಸೆಟ್ಸ್‌ಗೆ ಹೊಸ ಸಂವಿಧಾನ ಬಂತು. ಎಲ್ಲರೂ ಸ್ವತಂತ್ರರಾಗಿ, ಸಮಾನರಾಗಿ ಹುಟ್ಟುತ್ತಾರೆ ಎಂಬುದು ಅದರ ಮೊದಲ ವಿಧಿ. ಬೆಟ್ ನೇರವಾಗಿ ಅದೇ ಸೆಜ್‌ವಿಕ್ ಅವರ ಬಳಿ ಹೋದಳು. ಎಲ್ಲರೂ ಅಂದ ಮೇಲೆ ನಾನೂ ಬಂದೆನಲ್ಲ, ಕಾನೂನು ನನ್ನನ್ನೂ ಬಿಡಿಸಬೇಕಲ್ಲ, ಎಂಬುದು ಅವಳ ವಾದ. 1781ರ ಆಗಸ್ಟ್‌ನಲ್ಲಿ ಗ್ರೇಟ್ ಬ್ಯಾರಿಂಗ್ಟನ್ನಿನ ಕೋರ್ಟಿನಲ್ಲಿ, ಬ್ರಾಮ್ ಎಂಬ ಇನ್ನೊಬ್ಬ ಗುಲಾಮನ ಜೊತೆ ಅವಳು ಗೆದ್ದಳು. ಆ್ಯಶ್ಲಿ 30 ಶಿಲಿಂಗ್ ಪರಿಹಾರ ಕೊಡಬೇಕಾಯಿತು. ಅವಳು ಎಲಿಜಬೆತ್ ಫ್ರೀಮನ್ ಎಂದು ಹೆಸರಿಟ್ಟುಕೊಂಡಳು. ಸಂಬಳ ಕೊಡುತ್ತೇನೆ, ಮರಳಿ ಬಾ ಎಂದು ಆ್ಯಶ್ಲಿ ಕರೆದಾಗ ಹೋಗಲಿಲ್ಲ. 1790ರ ಜನಗಣತಿಯ ಹೊತ್ತಿಗೆ ಆ ರಾಜ್ಯದ ಲೆಕ್ಕದಲ್ಲಿ ಒಬ್ಬ ಗುಲಾಮನೂ ಇರಲಿಲ್ಲ.

ಇಷ್ಟು ಅಗಲವಾದ ಮಾತನ್ನು ಆ ದೊಡ್ಡವರು ಆಡಿದ್ದಾದರೂ ಯಾಕೆ? ಬ್ರಿಟಿಷರ ಜೊತೆ ಜಗಳ ಹತ್ತಿಕೊಂಡದ್ದು ತೆರಿಗೆಯ ವಿಷಯಕ್ಕೆ. ಇಂಗ್ಲಿಷರಿಗಿರುವ ಹಕ್ಕು ನಮಗೂ ಇರಲಿ ಎಂದಷ್ಟೇ ಅವರು ವರ್ಷಗಟ್ಟಲೆ ಕೇಳಿಕೊಂಡು ಬಂದಿದ್ದರು. ಆದರೆ ದೊರೆಯ ಹಂಗನ್ನೇ ಹರಿದುಕೊಳ್ಳಲು ಹೊರಟವರು ದೊರೆಯ ಕಾನೂನಿನ ಆಸರೆ ಹಿಡಿಯುವುದು ಹೇಗೆ? ಯಾವ ದೊರೆಯೂ ಕೊಡದ, ಯಾವ ದೊರೆಯೂ ಕಿತ್ತುಕೊಳ್ಳಲಾಗದ ಹಕ್ಕೊಂದು ಬೇಕಾಯಿತು. ಮನುಷ್ಯನಾಗಿ ಹುಟ್ಟಿದ್ದೇ ಸಾಕು ಎನ್ನಬೇಕಾಯಿತು. ಹಾಗೆಂದ ಮೇಲೆ ಯಾರನ್ನು ಹೊರಗಿಡುವುದು? ಮದುವೆಗೆ ಹಾಕಿದ ಚಪ್ಪರದಲ್ಲಿ ಕರೆಯದವರಿಗೂ ನೆರಳು ಸಿಕ್ಕಿತು.

ಕರೆಯದವರನ್ನು ಎಬ್ಬಿಸಿ ಕಳಿಸುವ ಪ್ರಯತ್ನ ನಡೆಯದೆ ಇರಲಿಲ್ಲ. 1857ರಲ್ಲಿ ಡ್ರೆಡ್ ಸ್ಕಾಟ್ ಎಂಬ ಗುಲಾಮ ಬಿಡುಗಡೆ ಬೇಡಿ ಸುಪ್ರೀಂ ಕೋರ್ಟಿನವರೆಗೂ ಹೋದಾಗ, ಘೋಷಣೆ ಬರೆದವರ ಮನಸ್ಸಿನಲ್ಲಿ ಕಪ್ಪುಜನರು ಇರಲೇ ಇಲ್ಲ, ಆದ್ದರಿಂದ ಅದು ಅವರಿಗೆ ಸೇರಿದ್ದಲ್ಲ ಎಂದರು ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ. ಅದೇ ವರ್ಷದ ಜೂನ್‌ನಲ್ಲಿ ಸ್ಪ್ರಿಂಗ್‌ಫೀಲ್ಡಿನ ಭಾಷಣದಲ್ಲಿ ಅಬ್ರಹಾಂ ಲಿಂಕನ್ ಇದಕ್ಕೆ ಉತ್ತರ ಕೊಟ್ಟರು: ಸಮಾನತೆ ಆಗಲೇ ಬಂದಿದೆ ಎಂದು ಆ ಹಿರಿಯರು ಹೇಳಿರಲಿಲ್ಲ, ಪೂರ್ತಿ ಕೈಗೆಟುಕದಿದ್ದರೂ ಜನ ಸದಾ ಅದರತ್ತ ನಡೆಯಲಿ ಎಂದು ಮುಂದೆ ಇಟ್ಟುಹೋದರು. ವಾದದಲ್ಲಿ ಯಾರ ಕೈ ಮೇಲಾಯಿತೆಂಬುದು ಮಾತಿನಿಂದ ತೀರ್ಮಾನವಾಗಲಿಲ್ಲ. ಆರು ಲಕ್ಷಕ್ಕೂ ಹೆಚ್ಚು ಜನ ಸತ್ತ ಅಂತರ್ಯುದ್ಧ ನಡೆದು, 1865ರಲ್ಲಿ 13ನೇ ತಿದ್ದುಪಡಿ ಗುಲಾಮಗಿರಿಯನ್ನು ತೆಗೆದುಹಾಕಿತು.

ತಿದ್ದುಪಡಿ ಎಂಬ ಏರ್ಪಾಡೇ ನನಗೆ ಇನ್ನೊಂದು ಬೆರಗು. 1787ರ ಬೇಸಿಗೆಯಲ್ಲಿ ಅದೇ ಫಿಲಡೆಲ್ಫಿಯಾದಲ್ಲಿ ಕಿಟಕಿ ಬಾಗಿಲು ಮುಚ್ಚಿಕೊಂಡು ಸಂವಿಧಾನ ಬರೆದವರು ಮನುಷ್ಯರನ್ನು ಅಷ್ಟಾಗಿ ನಂಬಿದವರಲ್ಲ. ಅಧ್ಯಕ್ಷ, ಕಾಂಗ್ರೆಸ್, ಕೋರ್ಟು ಎಂದು ಅಧಿಕಾರವನ್ನು ಹಂಚಿ, ಒಬ್ಬರ ಮೇಲೊಬ್ಬರನ್ನು ಕಾವಲಿಟ್ಟರು. ಪ್ರಾತಿನಿಧ್ಯದ ಲೆಕ್ಕಕ್ಕೆ ಐವರು ಗುಲಾಮರನ್ನು ಮೂವರೆಂದು ಎಣಿಸಿದವರೂ ಇವರೇ. ಆದರೂ ತಮ್ಮ ಬುದ್ಧಿಯ ಮೇಲೂ ಅವರಿಗೆ ಅನುಮಾನವಿತ್ತು: ಬರೆದದ್ದನ್ನು ಮುಂದಿನವರು ತಿದ್ದುವ ದಾರಿಯನ್ನು ಐದನೇ ವಿಧಿಯಲ್ಲಿ ಬರೆದಿಟ್ಟರು. ದಾರಿ ಕಡಿದಾದದ್ದು. ಕಾಂಗ್ರೆಸ್ಸಿನ ಎರಡೂ ಸದನಗಳಲ್ಲಿ ಮೂರನೇ ಎರಡು ಭಾಗ, ರಾಜ್ಯಗಳಲ್ಲಿ ಮುಕ್ಕಾಲು ಪಾಲು ಒಪ್ಪಬೇಕು. ಈವರೆಗೆ ಆಗಿರುವುದು 27 ತಿದ್ದುಪಡಿ. 1848ರಲ್ಲಿ ಸೆನೆಕಾ ಫಾಲ್ಸ್‌ನಲ್ಲಿ ಸೇರಿದ ಹೆಂಗಸರು ಜೆಫರ್ಸನ್ ಅವರ ಒಕ್ಕಣೆಯನ್ನೇ ಎತ್ತಿಕೊಂಡು, ದೊರೆಯ ಮೇಲಿದ್ದ ದೂರುಗಳ ಜಾಗದಲ್ಲಿ ಗಂಡಸರ ಮೇಲಿನ ದೂರುಗಳನ್ನು ಬರೆದರು. ಹೆಂಗಸರ ಮತದ ಹಕ್ಕು ತಿದ್ದುಪಡಿಯಾಗಿ ಸಂವಿಧಾನಕ್ಕೆ ಸೇರಿದ್ದು 1920ರಲ್ಲಿ.

ಈ ಮಾತುಗಳು ನಮ್ಮಲ್ಲಿಗೂ ಬಂದವು. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿ 1947ರಲ್ಲಿ ಅಮೆರಿಕಕ್ಕೆ ಹೋಗಿ, ಅಲ್ಲಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರನ್ನು ಕಂಡರು. ನ್ಯಾಯಯುತ ಕ್ರಮವಿಲ್ಲದೆ ಯಾರ ಸ್ವಾತಂತ್ರ್ಯವನ್ನೂ ಕಸಿಯಬಾರದೆನ್ನುವ ಅಮೆರಿಕದವರ ‘ಡ್ಯೂ ಪ್ರೋಸೆಸ್’ ನ್ಯಾಯಾಧೀಶರಿಗೆ ಅತಿಯಾದ ಅಧಿಕಾರ ಕೊಡುತ್ತದೆ, ನಿಮಗೆ ಬೇಡ ಎಂದು ಫ್ರಾಂಕ್‌ಫರ್ಟರ್ ಬುದ್ಧಿ ಹೇಳಿದರು. ಜೀವ ಮತ್ತು ಸ್ವಾತಂತ್ರ್ಯವನ್ನು ಕಾಯುವ ನಮ್ಮ ಸಂವಿಧಾನದ 21ನೇ ವಿಧಿಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ, ಕಾನೂನಿನ ಕ್ರಮ ಇದ್ದರಷ್ಟೇ ಸಾಲದು, ಅದು ನ್ಯಾಯವಾಗಿಯೂ ಇರಬೇಕು ಎಂದಿತು ನಮ್ಮ ಸುಪ್ರೀಂ ಕೋರ್ಟು. ಬರೆದವರು ಬೇಡವೆಂದದ್ದು, ಬೇಕೆಂದು ಕೇಳಿದವರಿಂದಾಗಿ ಒಳಗೆ ಬಂತು.

ಆದರ್ಶವನ್ನು ಬರೆದವರ ನಡತೆಯನ್ನು ಜಾಲಾಡುವುದು ತಪ್ಪಲ್ಲ, ಜಾಲಾಡಲೇಬೇಕು. ಆದರೆ ಪ್ರಜಾಪ್ರಭುತ್ವವೊಂದು ಜೀವಂತವಾಗಿದೆಯೇ ಎಂದು ತಿಳಿಯಲು ಅಷ್ಟು ಸಾಲದು. ನೀವೇ ಆಡಿದ ಮಾತು, ನನಗೂ ಕೊಡಿ ಎಂದು ಕೇಳಲು ಎದ್ದು ನಿಂತವರಿಗೆ ಅಲ್ಲಿ ಕೋರ್ಟು ಕಿವಿಗೊಡುತ್ತದೆಯೇ, ಮತಗಟ್ಟೆ ಬಾಗಿಲು ತೆರೆಯುತ್ತದೆಯೇ ಎಂದು ನೋಡಬೇಕು. 250 ವರ್ಷದ ಹಿಂದೆ ಬರೆದಿಟ್ಟ ವಾಕ್ಯಕ್ಕೆ ಈ ಪರೀಕ್ಷೆ ಇನ್ನೂ ಮುಗಿದಿಲ್ಲ. ಅದನ್ನು ಎರವಲು ತಂದುಕೊಂಡ ಯಾವ ದೇಶಕ್ಕೂ ಮುಗಿಯುವಂಥದ್ದಲ್ಲ.