ಮಳಲಿನ ಕೊಡ, ಮರೆವಿನ ವರ



ಮಾಘಮಾಸದ ಭಾರತ ಹುಣ್ಣಿಮೆಯು ಸಮೀಪಿಸಿತೆಂದರೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಹಾದಿಗಳೆಲ್ಲವೂ ಸವದತ್ತಿಯ ಗುಡ್ಡದ ಕಡೆಗೇ ಹೊರಳುತ್ತವೆ. ಭಂಡಾರದ ಹಳದಿಯಲ್ಲಿ ಮಿಂದ ಜನ, 'ಉಧೋ ಉಧೋ' ಎಂಬ ಘೋಷ. ಇವುಗಳ ನಡುವೆ ರೇಣುಕಾದೇವಿಯ ಕಥೆಯನ್ನು ಅರಿಯದ ಮಗುವೂ ಈ ಸೀಮೆಯಲ್ಲಿಲ್ಲ. ಈ ಕಥೆಯನ್ನು ಹೇಳಿ ಮುಗಿಸಿದ ಒಂದು ಸಂಜೆ ಕಾಲೇಜಿನ ತರುಣನೊಬ್ಬನು ಎದ್ದು ನಿಂತು, "ಆಚಾರ್ಯರೇ, ತಾಯಿಯನ್ನು ಕೊಂದ ಮಗನ ಕಥೆ ಗ್ರೀಕರಲ್ಲಿಯೂ ಉಂಟಂತೆ. ಅವರದು ನಮ್ಮಿಂದ ಹೋದದ್ದೋ, ನಮ್ಮದು ಅವರಿಂದ ಬಂದದ್ದೋ?" ಎಂದು ಕೇಳಿದನು. ಸಭೆಯಲ್ಲಿ ಕೆಲವರು ಹುಬ್ಬು ಗಂಟಿಕ್ಕಿದರು. ಆದರೆ ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ, ಜಿಜ್ಞಾಸೆಯಿತ್ತು. ಅದಕ್ಕೆ ಅಂದು ಅರ್ಧವಾಗಿ ಹೇಳಿದ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ನಿವೇದಿಸುತ್ತೇನೆ.

ಮೊದಲು ಕೊಡದ ವಿಚಾರ. ರೇಣುಕೆಯು ಮಲಪ್ರಭೆಯ ದಂಡೆಯಲ್ಲಿ ಮಳಲಿನಿಂದಲೇ ಕೊಡವನ್ನು ಮಾಡಿ, ಹಾವನ್ನು ಸಿಂಬಿಯಾಗಿ ಸುತ್ತಿ, ಅದರ ಮೇಲೆ ನೀರು ಹೊತ್ತು ತರುತ್ತಿದ್ದಳೆಂದು ನಮ್ಮ ಜನಪದರು ಹಾಡುತ್ತಾರೆ. ಮಹಾಭಾರತದಲ್ಲಿ ಈ ಕೊಡವಿಲ್ಲ. ಅದು ಈ ಮಣ್ಣಿನ ಕೊಡುಗೆ. ಸಹಸ್ರಾರು ಹರದಾರಿ ದೂರದ ರೋಮ್ ನಗರದಲ್ಲಿ ತುಕ್ಕಿಯಾ ಎಂಬ ಕನ್ಯೆಯೊಬ್ಬಳಿದ್ದಳು. ವೆಸ್ತಾ ಎಂಬ ಅಗ್ನಿದೇವತೆಯ ಸೇವೆಯಲ್ಲಿದ್ದ ಅವಳ ಮೇಲೆ ಅಪವಾದ ಬರಲು, ಟೈಬರ್ ನದಿಯ ನೀರನ್ನು ಜರಡಿಯಲ್ಲಿ ತುಂಬಿ, ಒಂದು ಹನಿಯೂ ಸೋರದಂತೆ ಗುಡಿಯವರೆಗೆ ತಂದು ತನ್ನ ಶುದ್ಧಿಯನ್ನು ತೋರಿದಳೆಂದು ಅಲ್ಲಿಯ ಗ್ರಂಥಕಾರರು ಬರೆದಿದ್ದಾರೆ. ಅಲ್ಲಿ ಜರಡಿ, ಇಲ್ಲಿ ಹಸಿ ಮಳಲು. ನೀರನ್ನು ಹಿಡಿಯಲಾರದ ಪಾತ್ರೆಯು ನೀರನ್ನು ಹಿಡಿಯುವುದು ಚಿತ್ತದ ಏಕಾಗ್ರತೆಯಿಂದ ಎಂಬ ಭಾವನೆಯು ಎರಡು ನದಿಗಳ ದಂಡೆಯಲ್ಲಿ ಬೇರೆಬೇರೆಯಾಗಿಯೇ ಹುಟ್ಟಿರಬಾರದೇಕೆ? ಪ್ರತಿದಿನವೂ ಹೊಳೆಗೆ ಹೋಗಿ ಕೊಡ ಹೊತ್ತು ಬರುವ ಹೆಂಗಸರು ಎಲ್ಲ ದೇಶಗಳಲ್ಲಿಯೂ ಇದ್ದರಲ್ಲವೇ. ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಬೇಕು. ತುಕ್ಕಿಯಾ ಗೆದ್ದಳು. ರೇಣುಕೆಯ ಕೊಡವು ಒಡೆಯಿತು.

ವನಪರ್ವದ ಪ್ರಕಾರ, ಸ್ನಾನಕ್ಕೆ ಹೋದ ರೇಣುಕೆಯು ಜಲಕ್ರೀಡೆಯಲ್ಲಿದ್ದ ಚಿತ್ರರಥನೆಂಬ ರಾಜನನ್ನು ಕಂಡು ಕ್ಷಣಕಾಲ ಚಂಚಲಳಾದಳು. ಜಮದಗ್ನಿಗಳು ಮಕ್ಕಳಿಗೆ ಮಾತೃವಧೆಯ ಆಜ್ಞೆಯನ್ನಿತ್ತರು. ರುಮಣ್ವಂತ, ಸುಷೇಣ, ವಸು, ವಿಶ್ವಾವಸು ಎಂಬ ನಾಲ್ವರೂ ಒಪ್ಪಲಿಲ್ಲ. ಶಾಪಗ್ರಸ್ತರಾಗಿ ಮೃಗಪಕ್ಷಿಗಳಂತೆ ಜಡರಾದರು. ಐದನೆಯವನಾದ ರಾಮನು ಕೊಡಲಿಯನ್ನೆತ್ತಿದನು.

ಈಗ ಗ್ರೀಕರ ಕಥೆ. ಕ್ರಿಸ್ತಪೂರ್ವ 458ರಲ್ಲಿ ಅಥೆನ್ಸಿನಲ್ಲಿ ಈಸ್ಕಿಲಸ್ ಕವಿಯು ಆಡಿಸಿದ ನಾಟಕತ್ರಯದಲ್ಲಿ ಒರೆಸ್ತಿಸನು, ತಂದೆಯನ್ನು ಕೊಂದ ತಾಯಿಯನ್ನು ಅಪೋಲೋ ದೇವನ ಆಜ್ಞೆಯಂತೆ ಕೊಲ್ಲುತ್ತಾನೆ. ಕೂಡಲೇ ಎರಿನೀಯರೆಂಬ ಉಗ್ರದೇವತೆಗಳು ಬೆನ್ನಟ್ಟುತ್ತಾರೆ. ಕೊನೆಗೆ ನ್ಯಾಯಸಭೆ ಸೇರಿ, ಮತಗಳು ಸಮನಾಗಿ, ಅಥೀನಾದೇವಿಯ ಮತದಿಂದ ಅವನಿಗೆ ಬಿಡುಗಡೆಯಾಗುತ್ತದೆ. ಅಲ್ಲಿ ಅಪೋಲೋ ಹೂಡುವ ವಾದವನ್ನು ಕೇಳಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ: ತಾಯಿಯು ನಿಜವಾದ ಜನ್ಮದಾತೆಯೇ ಅಲ್ಲ, ತಂದೆಯ ಬೀಜವನ್ನು ಪೋಷಿಸುವವಳು ಮಾತ್ರ, ಎಂದು. ಮಗನನ್ನು ಉಳಿಸುವುದಕ್ಕೆ ತಾಯಿಯನ್ನೇ ಕಿರಿದಾಗಿಸಬೇಕಾಯಿತು.

ಇನ್ನೊಂದು ಕಥೆ ನಮ್ಮದಕ್ಕೆ ಮತ್ತೂ ಹತ್ತಿರ. ಆಲ್ಕ್ಮಿಯೋನನು ತಂದೆಯ ಅಪ್ಪಣೆಯಂತೆಯೇ ತಾಯಿಯನ್ನು ಕೊಂದವನು. ತಾಯಿಯನ್ನು ಕೊಂದಾಗ ಸೂರ್ಯನು ಕಂಡಿರದ, ನೆಲವೇ ಆಗಿರದ ನೆಲವನ್ನು ಹುಡುಕಿದ ಹೊರತು ನಿನಗೆ ಶಾಂತಿಯಿಲ್ಲವೆಂದು ದೈವವಾಣಿಯಾಯಿತು. ಅಲೆದಲೆದು ಕಡೆಗೆ ಅಖೆಲೋಯಸ್ ನದಿಯು ಮೆಕ್ಕಲು ತಂದು ಹೊಸದಾಗಿ ಕಟ್ಟಿದ ಭೂಮಿಯಲ್ಲಿ ನೆಲೆಸಿದನೆಂದು ಇತಿಹಾಸಕಾರ ಥುಸಿಡಿಡಿಸನು ಹೇಳುತ್ತಾನೆ. ಸಮುದ್ರರಾಜನಿಂದ ಹೊಸ ನೆಲವನ್ನು ಪಡೆದ ಪರಶುರಾಮನು ನಿಮಗೆ ನೆನಪಾದರೆ ಆಶ್ಚರ್ಯವಿಲ್ಲ. ಶಾಂತಿಪರ್ವದಲ್ಲಿ ಅದಕ್ಕೆ ಶೂರ್ಪಾರಕವೆಂದು ಹೆಸರು. ಉಡುಪಿಯ ಕುಂಜಾರುಗಿರಿಯ ಸುತ್ತಲಿನ ಪರಶು, ಧನುಸ್ಸು, ಬಾಣ, ಗದಾತೀರ್ಥಗಳೂ ಅವನ ಹೆಸರನ್ನೇ ಹೊತ್ತಿವೆ. ಆದರೆ ಕಾರಣವು ಬೇರೆ. ಗ್ರೀಕನು ಪಾಪದಿಂದ ಓಡಿ ನೆಲವನ್ನು ಹುಡುಕಿದನು; ನಮ್ಮ ಭಾರ್ಗವನು ಗೆದ್ದ ಭೂಮಿಯನ್ನೆಲ್ಲ ಕಶ್ಯಪರಿಗೆ ದಾನವಿತ್ತು, ತನಗೆ ನಿಲ್ಲಲು ಸ್ಥಳವಿಲ್ಲದೆ ಕಡಲನ್ನು ಕೇಳಿದನು.

ತರುಣನಿಗೆ ನಾನು ಹೇಳಿದ್ದು ಇದು: ಕಥೆ ಎಲ್ಲಿಂದ ಎಲ್ಲಿಗೆ ಹೋಯಿತೆಂದು ಕೇಳುವುದಕ್ಕಿಂತ, ಕೊಡಲಿ ಬಿದ್ದ ಮೇಲೆ ಏನಾಯಿತೆಂದು ಕೇಳು. ಪ್ರಸನ್ನರಾದ ತಂದೆ ವರ ಕೇಳೆಂದಾಗ ರಾಮನು ಮೊದಲು ಕೇಳಿದ್ದು ತಾಯಿ ಏಳಲೆಂದು. ಎರಡನೆಯದು, ಕೊಂದದ್ದು ಅವಳ ನೆನಪಿನಲ್ಲಿ ಉಳಿಯದಿರಲೆಂದು. ಬಳಿಕ ಪಾಪಸ್ಪರ್ಶವಾಗದಿರಲೆಂದೂ ಅಣ್ಣಂದಿರು ಮೊದಲಿನಂತಾಗಲೆಂದೂ ಕೇಳಿದನು. ತನ್ನ ಜಯ, ಆಯುಸ್ಸುಗಳು ಬಂದದ್ದು ಕಟ್ಟಕಡೆಗೆ. ಶ್ರೀಹರಿಯ ಅವತಾರಕ್ಕೆ ಪಾಪಲೇಪವಿಲ್ಲವೆಂಬುದು ನಮ್ಮ ಸಿದ್ಧಾಂತ; ಆದರೂ ಈ ಕ್ರಮದಲ್ಲಿಯೇ ಏಕೆ ಕೇಳಿದನು? ನೆನಪು ಉಳಿದಿದ್ದರೆ, ಎದ್ದು ಕುಳಿತ ತಾಯಿಯು ಮಗನ ಮುಖವನ್ನು ಹೇಗೆ ನೋಡಿಯಾಳು? ಅಲ್ಲಿ ಒರೆಸ್ತಿಸನ ತಾಯಿಯ ಪ್ರೇತವು ಮಲಗಿದ ಎರಿನೀಯರನ್ನು ಎಬ್ಬಿಸಿ ಮಗನ ಬೆನ್ನಿಗೆ ಅಟ್ಟುತ್ತದೆ. ಇಲ್ಲಿ ತಾಯಿಯು ಮರೆತಳು. ನೆನಪಿನ ಭಾರವು ಮಗನೊಬ್ಬನಿಗೇ ಉಳಿಯಿತು. ಇದೇ ಮಲಪ್ರಭೆಯು ರಾಮದುರ್ಗವನ್ನು ದಾಟಿ ಐಹೊಳೆಗೆ ಬಂದಾಗ ಪರಶುರಾಮನು ಕೊಡಲಿಯನ್ನು ತೊಳೆಯಲು ಹೊಳೆ ಕೆಂಪಾಯಿತೆಂದೂ, ಜನ 'ಅಯ್ಯೋ ಹೊಳೆ' ಎಂದರೆಂದೂ ಹೇಳುತ್ತಾರೆ. ಶಾಸನಗಳಲ್ಲಿ ಆ ಊರು ಅಯ್ಯಾವೊಳೆ. ಹೆಸರಿನ ನಿಷ್ಪತ್ತಿಯನ್ನು ಪಂಡಿತರು ಒಪ್ಪಲಾರರು. ಆದರೂ ಆ 'ಅಯ್ಯೋ' ಎಂಬ ಮಾತನ್ನು ಕಥೆಯಿಂದ ತೆಗೆದುಹಾಕಲು ನನಗೆ ಮನಸ್ಸಿಲ್ಲ.

ನೋವುಂಡ ಈ ತಾಯಿಯ ಹೆಸರಿನಲ್ಲಿಯೇ ಬಡವರ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸಿ ಅವರ ಬಾಳನ್ನು ಕೆಡಿಸಿದ್ದನ್ನು ಮರೆಯಲು ಮಾತ್ರ ಯಾವ ವರವೂ ಇಲ್ಲ. 1934ರಲ್ಲಿ ಮುಂಬಯಿ ಪ್ರಾಂತದ ಕಾಯಿದೆಯೂ 1982ರಲ್ಲಿ ಕರ್ನಾಟಕದ ಕಾಯಿದೆಯೂ ಅದನ್ನು ನಿಷೇಧಿಸಿದವು. ಭಾರತ ಭಾಗವತಗಳಲ್ಲಿ ಹೇಳಿದ ರೇಣುಕೆಯ ಕಥೆಯಲ್ಲಿ ಅದಕ್ಕೆ ಎಳ್ಳಷ್ಟೂ ಆಧಾರವಿಲ್ಲ.

ಮಾರ್ಗಶಿರದ ಹೊಸ್ತಿಲ ಹುಣ್ಣಿಮೆಯಂದು ಗುಡ್ಡದಲ್ಲಿ ಬಳೆ ಒಡೆಯುತ್ತಾರೆ; ಕಾರ್ತವೀರ್ಯನ ಮಕ್ಕಳು ಜಮದಗ್ನಿಗಳನ್ನು ಕೊಂದ ಶೋಕವದು. ಬಾಬಿಲೋನಿನ ಹೆಂಗಸರು ತಮ್ಮೂಜನಿಗಾಗಿ ವರ್ಷವರ್ಷವೂ ಅತ್ತಂತೆಯೇ. ಆದರೆ ಭಾಗವತದ ನವಮಸ್ಕಂಧದಲ್ಲಿ ಜಮದಗ್ನಿಗಳು ಮತ್ತೆ ದೇಹವನ್ನು ಪಡೆದು ಸಪ್ತರ್ಷಿಮಂಡಲದಲ್ಲಿ ಏಳನೆಯವರಾದರೆಂದಿದೆ. ಭಾರತ ಹುಣ್ಣಿಮೆಯನ್ನು ನಮ್ಮವರು ಮುತ್ತೈದೆ ಹುಣ್ಣಿಮೆಯೆಂದು ಕರೆಯುವುದು ಸುಮ್ಮನಲ್ಲ. ಅಂದು ಗುಡ್ಡದ ಕೆಳಗೆ ಬಳೆಗಾರರ ಮುಂದೆ ಮುಂಗೈ ಚಾಚಿ ಕುಳಿತ ಹೆಂಗಸರ ಸಾಲು ಸಂಜೆಯಾದರೂ ಕರಗುವುದಿಲ್ಲ.