ಆಳು ಎಂಬ ಹೆಸರುಳ್ಳ ಸಂಗೀತಗಾರನು

ಧ್ಯಾನಿಸತಕ್ಕ ವೇದಭಾಗ: ಮತ್ತಾಯನು 25ನೆಯ ಅಧ್ಯಾಯ, 14ರಿಂದ 30ರ ವರೆಗಿನ ವಚನಗಳು.



ದೂರದೇಶಕ್ಕೆ ಹೊರಟ ಧಣಿಯು ತನ್ನ ಆಳುಗಳನ್ನು ಕರೆದು, ಒಬ್ಬನಿಗೆ ಐದು, ಮತ್ತೊಬ್ಬನಿಗೆ ಎರಡು, ಇನ್ನೊಬ್ಬನಿಗೆ ಒಂದು, ಹೀಗೆ ಅವರವರ ಶಕ್ತಿಗೆ ತಕ್ಕಂತೆ ತಲಾಂತುಗಳನ್ನು ಒಪ್ಪಿಸಿದ ಸಾಮ್ಯವನ್ನು ನೀವೆಲ್ಲರೂ ಬಲ್ಲಿರಿ. ನಾವು ಐದು ತಲಾಂತಿನವನನ್ನು ಹೊಗಳುತ್ತೇವೆ. ಒಂದನ್ನು ಮಣ್ಣಿನಲ್ಲಿ ಹೂಣಿಟ್ಟವನನ್ನು ಖಂಡಿಸುತ್ತೇವೆ. ನಡುವೆ ನಿಂತಿರುವ ಎರಡು ತಲಾಂತಿನವನನ್ನಾದರೋ ಮರೆತುಬಿಡುತ್ತೇವೆ. ಇದ್ದಾಗ್ಯೂ ಧಣಿಯು ಐದರವನಿಗೆ ತೋರಿಸಿದ ಮೆಚ್ಚಿಕೆಯನ್ನೇ, ಸ್ವಲ್ಪವೂ ಕಡಿಮೆ ಮಾಡದೆ, ಎರಡರವನಿಗೂ ತೋರಿಸಿದನು. ನಮ್ಮ ಹಳ್ಳಿಯ ಸಭೆಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಈ ನಡುವಣವನ ಸಾಲಿಗೆ ಸೇರಿದವರೇ. ಆದದರಿಂದ ಈ ತಿಂಗಳು ಅಂಥವನೊಬ್ಬನ ಜೀವಿತವನ್ನೂ ಸಂಗೀತವನ್ನೂ ನಿಮ್ಮ ಮುಂದೆ ಇಡುತ್ತೇನೆ.

ಅವನ ಹೆಸರು ಯುಸ್ಟೀನ್ ಹೈನ್ರಿಖ್ ಕ್ನೆಖ್ತ್. ಅವನು ಜರ್ಮನಿಯ ತೆಂಕಣ ಭಾಗದಲ್ಲಿ, ರಿಸ್ ಎಂಬ ಹೊಳೆಯ ದಡದ ಬಿಬೆರಾಖ್ ಎಂಬ ಚಿಕ್ಕ ಪಟ್ಟಣದಲ್ಲಿ 1752ನೆಯ ಸಪ್ಟೆಂಬರ್ 30ರಂದು ಹುಟ್ಟಿದನು. ಲೋಕವೆಲ್ಲಾ ಹೊಗಳುವ ಮೋಚಾರ್ಟ್ ಎಂಬ ಸಂಗೀತಗಾರನಿಗಿಂತ ಇವನು ಮೂರು ವರುಷಕ್ಕಿಂತ ಸ್ವಲ್ಪ ಹೆಚ್ಚು ಹಿರಿಯನು. ಜರ್ಮನ್ ಭಾಷೆಯಲ್ಲಿ ಕ್ನೆಖ್ತ್ ಅಂದರೆ ಆಳು ಎಂದರ್ಥ. ಆ ಭಾಷೆಯ ಬೈಬಲಿನಲ್ಲಿ ಧಣಿಯು ನಂಬಿಗಸ್ತನನ್ನು ಮೆಚ್ಚಿ ಕರೆಯುವ ಮಾತು ಇದೇ ಆಗಿದೆ. ಹೆಸರಿಗೆ ತಕ್ಕಂತೆ ಅವನು ಹೇಗೆ ಆಳಾಗಿ ನಡೆದನೆಂಬದನ್ನು ಮೂರು ವಿಷಯಗಳಲ್ಲಿ ನೋಡೋಣ.

ಮೊದಲನೆಯದಾಗಿ, ಅವನು ತನಗೆ ದೊರೆತ ಚಿಕ್ಕ ಸ್ಥಳದಲ್ಲಿ ಪೂರ್ಣವಾಗಿ ದುಡಿದನು.

ಎಸ್ಲಿಂಗೆನ್ ಪಟ್ಟಣದ ಪಾಠಶಾಲೆಯಲ್ಲಿ ಕಲಿತು, 1771ರಲ್ಲಿ, ಇನ್ನೂ ಹತ್ತೊಂಬತ್ತು ವರುಷದ ಹುಡುಗನಾಗಿರುವಾಗ, ಕ್ನೆಖ್ತನು ಹುಟ್ಟೂರಿಗೆ ಬಂದು ಶಾಲೆಯ ಉಪಾಧ್ಯಾಯನೂ ಊರಿನ ಸಂಗೀತಕ್ಕೆ ಮುಖ್ಯಸ್ಥನೂ ಆದನು. ಹಗಲು ಮಕ್ಕಳಿಗೆ ಪಾಠ, ಉಳಿದ ಹೊತ್ತಿನಲ್ಲಿ ಹಾಡುಗಾರರ ಶಿಕ್ಷಣ, ಹೀಗೆ ಇಪ್ಪತ್ತು ವರುಷಗಳು ಕಳೆದವು. 1792ರಲ್ಲಿ ಉಪಾಧ್ಯಾಯ ವೃತ್ತಿಯನ್ನು ಬಿಟ್ಟು ಸಂತ ಮಾರ್ಟಿನನ ದೇವಾಲಯದಲ್ಲಿ ಆರ್ಗನ್ ನುಡಿಸುವವನಾದನು. ಆರ್ಗನ್ ಅಂದರೆ ತಿದಿಯ ಗಾಳಿಯಿಂದ ಸಾಲುಸಾಲಾದ ಕೊಳವಿಗಳನ್ನು ನುಡಿಸುವ ದೊಡ್ಡ ವಾದ್ಯ. ನಮ್ಮ ಊರುಗಳಲ್ಲಿ ಭಜನೆಗೂ ಬಯಲಾಟಕ್ಕೂ ಆರಾಧನೆಗೂ ನುಡಿಸುವ ಪೇಟಿಯು ಅದೇ ವಂಶದ ಚಿಕ್ಕ ಕೂಸು. 1842ರಲ್ಲಿ ಪ್ಯಾರಿಸಿನಲ್ಲಿ ದೆಬೆನ್ ಎಂಬವನು ಹಾರ್ಮೋನಿಯಮಿಗೆ ಹಕ್ಕುಪತ್ರ ಪಡೆದ ಮೇಲೆ ಅದು ನಮ್ಮ ದೇಶಕ್ಕೂ ಬಂದು, ನೆಲದ ಮೇಲೆ ಕೂತು ಒಂದು ಕೈಯಿಂದ ಗಾಳಿ ಹಾಕುವ ರೂಪವನ್ನು ತಾಳಿತು. ಸಂತ ಮಾರ್ಟಿನನ ಆ ದೇವಾಲಯದ ವಿಶೇಷವೇನಂದರೆ, ರೋಮನ್ ಕಥೋಲಿಕರೂ ಪ್ರಾಟೆಸ್ಟಂಟರೂ ಒಂದೇ ಮಾಡಿನ ಕೆಳಗೆ ಬೇರೆ ಬೇರೆ ಹೊತ್ತಿನಲ್ಲಿ ಆರಾಧನೆ ಮಾಡುತ್ತಿದ್ದರು. ಈಗಲೂ ಹಾಗೆಯೇ ಮಾಡುತ್ತಾರೆ.

ಅವನ ಮನಸ್ಸಿನಲ್ಲಿ ದೊಡ್ಡ ಊರಿನ ಆಶೆ ಇರಲಿಲ್ಲವೆಂದು ತಿಳಿಯಬೇಡಿರಿ. 1806ರ ಕಡೆಯಲ್ಲಿ, ಐವತ್ತು ದಾಟಿದ ಮೇಲೆ, ಅವನು ರಾಜಧಾನಿಯಾದ ಸ್ಟುಟ್‌ಗಾರ್ಟಿಗೆ ಹೋದನು; ಮರು ವರುಷ ಅರಸನ ವಾದ್ಯಗಾರರನ್ನು ನಡಿಸುವ ಕೆಲಸವೂ ಸಿಕ್ಕಿತು. ಆದರೆ ಅಲ್ಲಿ ಅವನು ನೆಲೆನಿಲ್ಲಲಿಲ್ಲ. ಸುಮಾರು ಎರಡು ವರುಷಗಳಲ್ಲಿ ತಿರಿಗಿ ಬಿಬೆರಾಖಿಗೆ ಬಂದು, ಹಳೆಯ ಪೀಠದಲ್ಲಿ ಕೂತು, ಹಳೆಯ ಸಭೆಗೆ ಆರ್ಗನ್ ನುಡಿಸಿದನು. ಹಿಂದಿರುಗಿ ಬಂದವನನ್ನು ಸೋತವನೆಂದು ಲೋಕವು ಎಣಿಸುವದು. ಸಾಮ್ಯದ ಧಣಿಯಾದರೋ ಆಳು ಎಷ್ಟು ದೊಡ್ಡ ಪೇಟೆಯಲ್ಲಿ ವ್ಯಾಪಾರ ಮಾಡಿದನೆಂದು ಕೇಳಲಿಲ್ಲ. ಕೊಟ್ಟದ್ದನ್ನು ಏನು ಮಾಡಿದನೆಂದು ಕೇಳಿದನು.

ಎರಡನೆಯದಾಗಿ, ಅವನು ಬಿರುಗಾಳಿಯನ್ನೂ ಸ್ತೋತ್ರವನ್ನೂ ಬಲ್ಲವನಾಗಿದ್ದನು.

1785ರ ಸುಮಾರಿಗೆ, ಇನ್ನೂ ಶಾಲೆಯ ಉಪಾಧ್ಯಾಯನಾಗಿರುವಾಗ, ಕ್ನೆಖ್ತನು ಅನೇಕ ವಾದ್ಯಗಳಿಗಾಗಿ ಒಂದು ದೊಡ್ಡ ಕೃತಿಯನ್ನು ರಚಿಸಿದನು. ಸೃಷ್ಟಿಯ ಸಂಗೀತ ಚಿತ್ರವೆಂಬದು ಅದರ ಹೆಸರಿನ ಅರ್ಥ. ಸ್ಪೈಯರ್ ಪಟ್ಟಣದ ಬಾಸ್ಲರ್ ಎಂಬವನು ಅದನ್ನು ಅಚ್ಚುಹಾಕಿದನು. ಅದರಲ್ಲಿ ಐದು ಭಾಗಗಳುಂಟು. ಒಂದನೆಯದರಲ್ಲಿ ಬಿಸಿಲು ಬಿದ್ದ ಹಸುರು ಸೀಮೆ, ಹರಿಯುವ ತೊರೆ, ಹಕ್ಕಿಗಳ ಇಂಚರ, ಕುರಿಮರಿಗಳ ಕುಣಿತ, ಕುರುಬನ ಸಿಳ್ಳು. ಎರಡನೆಯದರಲ್ಲಿ ಆಕಾಶವು ಥಟ್ಟನೆ ಕಪ್ಪಾಗಿ, ಉಸಿರು ಕಟ್ಟಿದಂತಾಗಿ, ದೂರದಲ್ಲಿ ಗುಡುಗು ಗೊಣಗುವದು. ಮೂರನೆಯದರಲ್ಲಿ ಗಾಳಿಯೂ ಮಳೆಯೂ ಒಟ್ಟಾಗಿ ಮೇಲೆ ಬೀಳುವವು. ನಾಲ್ಕನೆಯದರಲ್ಲಿ ಮೋಡಗಳು ಚದರಿ ಬಾನು ತಿಳಿಯಾಗುವದು. ಐದನೆಯದು ಸೃಷ್ಟಿಯೆಲ್ಲವೂ ಸಂತೋಷಪಟ್ಟು ತನ್ನ ಸೃಷ್ಟಿಕರ್ತನಿಗೆ ಎತ್ತುವ ಸ್ತೋತ್ರಗೀತೆ.

ಸುಮಾರು ಇಪ್ಪತ್ತಮೂರು ವರುಷಗಳಾದ ಮೇಲೆ, 1808ನೆಯ ಡಿಸೆಂಬರ್ 22ರಂದು, ವಿಯೆನ್ನಾ ನಗರದಲ್ಲಿ ಬೀಥೋವೆನ್ ಎಂಬ ಮಹಾ ಸಂಗೀತಗಾರನು ತನ್ನ ಆರನೆಯ ಸಿಂಫೊನಿಯನ್ನು ಮೊದಲು ಜನರಿಗೆ ಕೇಳಿಸಿದನು. ಅದರಲ್ಲಿಯೂ ಐದು ಭಾಗ. ಅದರಲ್ಲಿಯೂ ಹಳ್ಳಿಯ ಸೀಮೆ, ಬಿರುಗಾಳಿ, ಕಡೆಯಲ್ಲಿ ಕೃತಜ್ಞತೆ. ಬೀಥೋವೆನನ ಕೃತಿ ಲೋಕವನ್ನೆಲ್ಲಾ ಸುತ್ತಿತು; ಬಿಬೆರಾಖಿನ ಉಪಾಧ್ಯಾಯನ ಕೃತಿ ಮರೆಯಲ್ಪಟ್ಟಿತು. 2020ರಲ್ಲಿ ಬರ್ಲಿನಿನ ಒಂದು ವಾದ್ಯವೃಂದವು ಎರಡನ್ನೂ ಒಟ್ಟಿಗೆ ನುಡಿಸಿ ಧ್ವನಿಮುದ್ರಿಸಿ ಹೊರಡಿಸಿತು.

ಬಿರುಗಾಳಿಯನ್ನು ಸಂಗೀತದಲ್ಲಿ ಬರೆಯುವದು ಸುಲಭ, ಅದರಲ್ಲಿ ಜೀವಿಸುವದು ಕಷ್ಟ ಎಂದು ಯಾರಾದರೂ ಹೇಳಾರು. ಅದು ನಿಜ. ಕ್ನೆಖ್ತನ ಪಟ್ಟಣದ ಮೇಲೆಯೂ ಬಿರುಗಾಳಿ ಬಂತು. 1796ನೆಯ ಅಕ್ಟೋಬರ್ 2ರಂದು ಫ್ರೆಂಚರ ದಂಡಿಗೂ ಆಸ್ಟ್ರಿಯದ ದಂಡಿಗೂ ಬಿಬೆರಾಖಿನ ಬಳಿಯಲ್ಲಿ ಯುದ್ಧವಾಯಿತು. 1800ನೆಯ ಮೇ 9ರಂದು ಅದೇ ಸ್ಥಳದಲ್ಲಿ ಮತ್ತೊಂದು ಯುದ್ಧವಾಯಿತು. ಆ ವರುಷಗಳಲ್ಲಿ ನಮ್ಮ ಆಳು ಏನು ಮಾಡುತ್ತಿದ್ದನು? 1795ರಿಂದ 1798ರ ವರೆಗೆ ಆರ್ಗನ್ ಕಲಿಯುವವರಿಗಾಗಿ ಮೂರು ಭಾಗಗಳ ದೊಡ್ಡ ಪಾಠಪುಸ್ತಕವನ್ನು ಹೊರಡಿಸಿದನು. 1799ರಲ್ಲಿ, ಎರಡು ಯುದ್ಧಗಳ ನಡುವೆ, ಕ್ರಿಸ್ಟ್‌ಮನ್ ಎಂಬ ಬೋಧಕನ ಸಂಗಡ ಕೂಡಿ, ವ್ಯುರ್ಟೆಂಬರ್ಗ್ ಸೀಮೆಯ ಸಭೆಗಳ ಹೊಸ ಗೀತಪುಸ್ತಕಕ್ಕೆ ಬೇಕಾದ ರಾಗಗಳನ್ನೆಲ್ಲಾ ನಾಲ್ಕು ಸ್ವರಭಾಗಗಳಲ್ಲಿ ಅಣಿಮಾಡಿ ಪ್ರಕಟಿಸಿದನು. ಕೆಲವು ಹಳೆಯ ರಾಗಗಳನ್ನು ತಿದ್ದಿದರು. ಕೆಲವನ್ನು ಹೊಸದಾಗಿ ಕಟ್ಟಿದರು. ಈ ಇಬ್ಬರೂ 1752ರಲ್ಲಿ ಹುಟ್ಟಿ 1817ರಲ್ಲಿ ತೀರಿಹೋದವರು.

ಮೂರನೆಯದಾಗಿ, ಅವನ ಪ್ರಯಾಸದ ಫಲವು ಅವನ ಹೆಸರಿಲ್ಲದೆ ಮುಂದಕ್ಕೆ ಹೋಯಿತು.

1815ನೆಯ ಏಪ್ರಿಲಿನಲ್ಲಿ ಪೂರ್ವ ಸಮುದ್ರದ ಸುಂಬಾವ ದ್ವೀಪದಲ್ಲಿ ತಂಬೋರಾ ಎಂಬ ಅಗ್ನಿಪರ್ವತವು ಒಡೆದು, ಅದರ ಧೂಳು ಆಕಾಶವನ್ನು ಮುಚ್ಚಿತು. ಆ ಕಾರಣದಿಂದ 1816ರಲ್ಲಿ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ವ್ಯುರ್ಟೆಂಬರ್ಗಿನಲ್ಲಿ ಪೈರು ಹೊಲದಲ್ಲಿಯೇ ಕೊಳೆಯಿತು. ರೊಟ್ಟಿ ಬಡವರ ಕೈಗೆ ಎಟುಕದೆ ಹೋಯಿತು. ಸಾವಿರಾರು ಜನರು ರಷ್ಯಕ್ಕೂ ಅಮೆರಿಕಕ್ಕೂ ವಲಸೆಹೋದರು. 1817ರ ಬೇಸಿಗೆಯಲ್ಲಿ ಬೆಳೆ ಬಂತು. ಆಗ ಆ ಸೀಮೆಯ ಅನೇಕ ಊರುಗಳಲ್ಲಿ ಜನರು ಸುಗ್ಗಿಯ ಮೊದಲ ಬಂಡಿಯನ್ನು ಹೂವುಗಳಿಂದ ಸಿಂಗರಿಸಿ, ಗಂಟೆ ಬಾರಿಸಿ, ಸ್ತೋತ್ರಗೀತೆಗಳನ್ನು ಹಾಡುತ್ತಾ ಎದುರುಗೊಂಡರು. ಇಲ್ಲಿ ನಿಂತು ಯೋಚಿಸಿರಿ. ಹಸಿದ ಜನರ ಬಾಯಿಗೆ ಆ ದಿನ ಹಾಡು ಎಲ್ಲಿಂದ ಬಂತು? ಬಂಡಿಯನ್ನು ಕಂಡ ಕೂಡಲೆ ಯಾರೂ ರಾಗವನ್ನು ಕಲಿಯಲಾರರು. ವರುಷ ವರುಷವೂ ಊರೂರಿನ ಶಾಲೆಗಳಲ್ಲಿಯೂ ದೇವಾಲಯಗಳಲ್ಲಿಯೂ ಬಡ ಉಪಾಧ್ಯಾಯರು ಕಲಿಸಿದ್ದರಿಂದ, ಯುದ್ಧದ ವರುಷಗಳಲ್ಲಿಯೂ ಕಲಿಸುವದನ್ನು ಬಿಡದೆ ಇದ್ದದರಿಂದ, ಆ ದಿನ ಸ್ತೋತ್ರವು ಸಿದ್ಧವಾಗಿತ್ತು. ಆ ಸುಗ್ಗಿಯಾದ ಮೇಲೆ, 1817ನೆಯ ಡಿಸೆಂಬರ್ 1ರಂದು, ಕ್ನೆಖ್ತನು ತನ್ನ ಊರಿನಲ್ಲಿಯೇ ವಿಶ್ರಾಂತಿಗೆ ಸೇರಿದನು.

ಅವನ ರಾಗಗಳಾದರೋ ನಿಲ್ಲಲಿಲ್ಲ. 1871ರಲ್ಲಿ ಎಡ್ವರ್ಡ್ ಹಸ್ಬೆಂಡ್ ಎಂಬ ಇಂಗ್ಲಿಷ್ ಬೋಧಕನು ಅವನ ಒಂದು ರಾಗವನ್ನು ತೆಗೆದುಕೊಂಡು, ತನ್ನದನ್ನು ಸೇರಿಸಿ ಪೂರೈಸಿದನು. ಕ್ರಿಸ್ತನು ಮುಚ್ಚಿದ ಬಾಗಿಲ ಹೊರಗೆ ನಿಂತು ತಟ್ಟುವದನ್ನು ಕುರಿತ ಇಂಗ್ಲಿಷ್ ಗೀತೆಯನ್ನು ಆ ರಾಗಕ್ಕೆ ಹಾಡುತ್ತಾರೆ. ನಮ್ಮ ನಾಡಿನ ಮಾತಿಗೆ ಬಂದರೆ, 1815ರಲ್ಲಿ ಸ್ಥಾಪಿಸಲ್ಪಟ್ಟ ಬಾಸೆಲ್ ಮಿಶನಿನಿಂದ 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಅಯ್ಯನವರು ಮಂಗಳೂರಿಗೆ ಬಂದರು. ಹೆಬಿಕ್ ಅಯ್ಯನವರು ಹುಟ್ಟಿದ್ದು ಬಿಬೆರಾಖಿಗೆ ದೂರವಲ್ಲದ ಉಲ್ಮ್ ಪಟ್ಟಣದ ಬಳಿಯ ನೆಲ್ಲಿಂಗೆನಿನಲ್ಲಿ. 1843ರಲ್ಲಿ ಮಂಗಳೂರ ಸಮಾಚಾರ ಪತ್ರಿಕೆಯನ್ನು ಆರಂಭಿಸಿದ ಮೋಗ್ಲಿಂಗ್ ಅಯ್ಯನವರೂ ವ್ಯುರ್ಟೆಂಬರ್ಗಿನವರೇ. ಇವರೂ ಇವರ ಜೊತೆಯವರೂ ತಮ್ಮ ಸೀಮೆಯ ಸಭೆಗಳಲ್ಲಿ ಬಾಲ್ಯದಿಂದ ಹಾಡಿದ ರಾಗಗಳನ್ನು ಬಾಯಲ್ಲಿಟ್ಟುಕೊಂಡೇ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗಿನ ಬಳಿಯ ಬೆಟಗೇರಿ, ಹೀಗೆ ನಮ್ಮ ಸೀಮೆಯ ಹತ್ತಿರದ ವರೆಗೂ ಅವರ ಠಾಣೆಗಳಾದವು. ಜರ್ಮನ್ ರಾಗಗಳಿಗೆ ಕನ್ನಡದ ಮಾತುಗಳು ಹೊಂದಿಸಲ್ಪಟ್ಟವು. ಕಿಟ್ಟೆಲ್ ಅಯ್ಯನವರು ನಮ್ಮ ಛಂದಸ್ಸನ್ನೇ ಹಿಡಿದು ಕ್ರಿಸ್ತನ ಚರಿತ್ರೆಯನ್ನು ಕಥಾಮಾಲೆಯೆಂಬ ಕಾವ್ಯವಾಗಿ 1862ರಲ್ಲಿ ಪ್ರಕಟಿಸಿದರು. ಬಿತ್ತಿದವನ ಕೈ ಬೇರೆ, ಕೊಯ್ಯುವವನ ಕೈ ಬೇರೆ ಆಗುವದುಂಟೆಂದು ಕರ್ತನು ಸಮಾರ್ಯದ ಬಾವಿಯ ಬಳಿಯಲ್ಲಿ ಶಿಷ್ಯರಿಗೆ ತಿಳಿಸಿದ್ದು ಇಲ್ಲಿ ನೆರವೇರಿತು.

ಪ್ರಿಯರೇ, ಈಗ ನಮ್ಮ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿಗಳ ಕಡೆಗೆ ತಿರುಗೋಣ.

ನಮ್ಮಲ್ಲಿ ಮಳೆಯನ್ನೇ ನಂಬಿ ಯರಿಯಲ್ಲಿಯೂ ಮಸಾರಿಯಲ್ಲಿಯೂ ಸಜ್ಜಿ, ಜೋಳ, ಕಡಲೆ ಬಿತ್ತುವವರಿದ್ದಾರೆ. ತುಂಗಭದ್ರೆಯ ಎಡದಂಡೆಯ ಕಾಲುವೆಯ ನೀರಿನಿಂದ ಭತ್ತ ಬೆಳೆಯುವವರಿದ್ದಾರೆ. 2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಹೆಚ್ಚಿನ ತಾಲೂಕುಗಳು ಬರಪೀಡಿತವೆಂದು ಸಾರಲ್ಪಟ್ಟವು. ಮರು ವರುಷ ಜಲಾಶಯವು ತುಂಬಿತು. ಆದರೆ 2024ನೆಯ ಆಗಸ್ಟ್ 10ರ ರಾತ್ರಿ ಹತ್ತೊಂಬತ್ತನೆಯ ಗೇಟಿನ ಸರಪಣಿ ಹರಿದು ಗೇಟು ಕೊಚ್ಚಿಹೋಯಿತು. ಕೂಡಿಟ್ಟ ನೀರು ಹೊಳೆಗೆ ಹರಿದುಹೋಗುವದನ್ನು ರೈತರು ಕಣ್ಣಾರೆ ಕಂಡರು. ಹರಿಯುವ ನೀರಿಗೆ ಎದುರಾಗಿ ಕೆಲಸಗಾರರು ಪ್ರಾಣವನ್ನು ಲೆಕ್ಕಿಸದೆ ದುಡಿದು, ಒಂದು ವಾರದೊಳಗೆ ಉಕ್ಕಿನ ತಡೆಹಲಗೆಗಳನ್ನು ಇಳಿಸಿ ಆ ಬಾಯನ್ನು ಮುಚ್ಚಿದರು. ಕ್ನೆಖ್ತನು ಬರೆದ ಮೊದಲ ನಾಲ್ಕು ಭಾಗಗಳನ್ನು ನಾವು ಹೀಗೆ ಚೆನ್ನಾಗಿ ಬಲ್ಲೆವು. ಐದನೆಯ ಭಾಗದ ಗತಿ ಏನು? ಗೇಟು ಮುಚ್ಚಿತು, ಪೈರು ಉಳಿಯಿತು, ಕಣದಲ್ಲಿ ರಾಶಿಯಾಯಿತು. ಆಮೇಲೆ ಸ್ತೋತ್ರವು ನಮ್ಮ ಬಾಯಿಂದ ಹೊರಟಿತೋ?

ಮತ್ತು ಒಬ್ಬನು ಹೀಗೆ ಕೇಳುವನು: ಉಪದೇಶಿಗಳೇ, ನನ್ನ ಹೊಲದಲ್ಲಿ ಮೋಡ ಚದರಲೇ ಇಲ್ಲ; ಸಾಲವು ತೀರಲಿಲ್ಲ; ಮಕ್ಕಳು ದುಡಿಯಲಿಕ್ಕೆ ಬೆಂಗಳೂರಿಗೂ ಗೋವೆಗೂ ಹೋಗಿದ್ದಾರೆ; ನಾನು ಯಾವ ಬಾಯಿಂದ ಹಾಡಲಿ? ಇಂಥವನನ್ನು ಯಾರೂ ಗದರಿಸಬಾರದು. ಸ್ತೋತ್ರವು ಮಳೆಗೆ ಕೊಡುವ ಕೂಲಿಯಲ್ಲ. ಕೀರ್ತನೆಗಾರರು ಅತ್ತದ್ದನ್ನೂ ದೇವರು ವೇದದಲ್ಲಿ ಬರೆಯಿಸಿದ್ದಾನೆ. ಹಾಡಲಾರದವನ ಪಕ್ಕದಲ್ಲಿ ಕೂತು ಸಭೆಯು ಅವನಿಗೋಸ್ಕರ ಹಾಡಲಿ. ಅವನ ದಿನ ಬಂದಾಗ ಅವನು ಇನ್ನೊಬ್ಬನಿಗೋಸ್ಕರ ಹಾಡುವನು.

ಆದದರಿಂದ ಈ ಮಾತು ವಿಶೇಷವಾಗಿ ನಮ್ಮ ಚಿಕ್ಕ ಸಭೆಗಳಲ್ಲಿ ಹಾಡು ಕಲಿಸುವವರಿಗೆ ಸಲ್ಲುವದು. ಪೇಟಿಯ ಮುಂದೆ ಕೂತಿರುವ ತಮ್ಮನೇ, ಮಕ್ಕಳಿಗೆ ಭಾನುವಾರದ ಶಾಲೆ ನಡಿಸುವ ತಂಗಿಯೇ, ಎದುರಿಗೆ ಹತ್ತು ಮಂದಿಯೇ ಇದ್ದಾರೆ, ಅವರಲ್ಲಿ ನಾಲ್ವರು ತಾಳ ತಪ್ಪುತ್ತಾರೆ, ಇದರಿಂದೇನು ಫಲ ಎಂದು ನೀವು ಬೇಸರಗೊಳ್ಳುತ್ತೀರೋ? ದೊಡ್ಡ ಊರಿಗೆ ಹೋದವನು ಪಾಪಿಯಲ್ಲ. ಉಳಿದವನು ದಡ್ಡನೂ ಅಲ್ಲ. ಒಣ ವರುಷದಲ್ಲಿ ನೀವು ಕಲಿಸಿದ ಹಾಡು ಹಸುರು ವರುಷದಲ್ಲಿ ಅವರ ಬಾಯಿಗೆ ಬರುವದು. ಇಲ್ಲಿ ಕಲಿತ ಮಗುವು ಯಾವ ದೂರದ ಪಟ್ಟಣದಲ್ಲಿ, ಯಾವ ಕತ್ತಲೆಯ ರಾತ್ರಿಯಲ್ಲಿ, ಯಾವ ಆಸ್ಪತ್ರೆಯ ಮಂಚದ ಬಳಿಯಲ್ಲಿ ಅದನ್ನು ಹಾಡುವದೋ ನೀವು ಕಾಣಲಾರಿರಿ. ಕಲಿಸಿದವರ ಹೆಸರು ಆ ಮಗುವಿಗೆ ಮರೆತಿದ್ದರೂ ಇರಬಹುದು. ಲೆಕ್ಕ ತೆಗೆದುಕೊಳ್ಳುವ ಧಣಿಗೆ ಅದು ಮರೆಯುವದಿಲ್ಲ.

ಈ ತಿಂಗಳಲ್ಲಿ ಪ್ರತಿಯೊಂದು ಸಭೆಯೂ ಒಂದು ಸ್ತೋತ್ರಗೀತೆಯನ್ನು ಹೊಸದಾಗಿ ಕಲಿಯಲಿ. ಓದಲು ಬಾರದ ಅಜ್ಜಿಯಿಂದ ಹಿಡಿದು ಚಿಕ್ಕ ಮಗುವಿನ ವರೆಗೆ ಎಲ್ಲರಿಗೂ ಅದು ಬಾಯಿಪಾಠವಾಗಲಿ. ಸುಗ್ಗಿಯ ಹಬ್ಬದಲ್ಲಿ ಪ್ರಥಮಫಲದ ಬುಟ್ಟಿಯು ದೇವಾಲಯದ ಬಾಗಿಲಿಗೆ ಬರುವಾಗ ಹಾಡು ಅಲ್ಲಿ ಸಿದ್ಧವಾಗಿರಲಿ. ಎರಡು ತಲಾಂತು ಹೊಂದಿದವರನ್ನು ಹೆಸರು ಹಿಡಿದು ಬಲ್ಲ ದೇವರು ನಮ್ಮ ಕೈಕೆಲಸವನ್ನು ಸ್ಥಿರಪಡಿಸಲಿ. ಆಮೆನ್.